ಹೂಳು ಬಂದ ದಾರಿ ಹಿಡಿದು: ಕೊಪ್ಪಳ ಜಿಲ್ಲೆಯ ಒಂದು ಊರು ತನ್ನ ನೆಲಕ್ಕೆ ಯೋಜನೆ ಮಾಡಿಕೊಂಡ ಪ್ರಕರಣ

2020ರ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳು ತೆಗೆದೆವು. ಅದೇ ವರ್ಷ ಸೀಗಿ ಹುಣ್ಣಿಮೆ ಹೊತ್ತಿಗೆ, ಹಳ್ಳ ಬಂದು ಕೆರೆ ಸೇರುವ ಬಾಯಲ್ಲಿ ಮೊಣಕಾಲುದ್ದ ಹೊಸ ಹೂಳು ನಿಂತಿತ್ತು. ಕೆಂಪು ಮಣ್ಣು, ಸಣ್ಣ ಗರಸು. ಬಿಸಿಲಲ್ಲಿ ತೋಡಿದವರೇ ಬಂದು ನಿಂತು ನೋಡಿದರು. ಯಾರೂ ಜಾಸ್ತಿ ಮಾತಾಡಲಿಲ್ಲ.

ಊರು ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಹಿರೇಹಳ್ಳಕ್ಕೆ ನೀರು ಕಳಿಸುವ ಮೇಲ್ಭಾಗದಲ್ಲಿ. ಜನರ ಜಗಳ, ರಾಜಿ ಎರಡೂ ಈ ಬರಹದಲ್ಲಿ ಬರುತ್ತವೆ. ಹಾಗಾಗಿ ಊರಿನ ಹೆಸರು ಹಾಕಿಲ್ಲ. ಮೇಲೆ ಕಲ್ಲುಗುಡ್ಡ, ಅದರ ಬುಡಕ್ಕೆ ಗಾಯರಾಣ, ಅಂದರೆ ದನ ಕುರಿ ಮೇಯುವ ಊರ ನೆಲ, ಅದರ ಕೆಳಗೆ ಮಸಾರಿ (ಕೆಂಪು ಮಣ್ಣಿನ) ಹೊಲ, ಆಮೇಲೆ ಕೆರೆ, ಕೆರೆಯ ಹಿಂದೆ ಎರೆ (ಕಪ್ಪು ಮಣ್ಣಿನ) ಹೊಲ. ಈ ಕಡೆಯ ಬಹಳಷ್ಟು ಊರುಗಳ ನೆಲ ಹೀಗೇ ಇಳಿಯುತ್ತದೆ. ಕಾಲುವೆ ನೀರು ನಮಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರಿನ ಕಡೆ ಹೋಗುತ್ತದೆ. ನಮ್ಮದು ಮುಗಿಲು ನೋಡುವ ಬೇಸಾಯ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದರೆ.

ಕೆರೆ ತೋಡುವ ಹುರುಪು ಸುಮ್ನೆ ಬಂದದ್ದಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದರು. ಜಾಲಿ ತುಂಬಿ, ಹೂಳು ಕಟ್ಟಿ, ಹಳ್ಳವೇ ಕಾಣದ ಹಾಗಿದ್ದ ಜಾಗವನ್ನು ಜನರ ದುಡ್ಡು, ಜನರ ದುಡಿಮೆಯಿಂದ 20 ಕಿ.ಮೀ.ಗೂ ಜಾಸ್ತಿ ದೂರ ಹಸನು ಮಾಡಿಸಿದರು. ಆ ಕೆಲಸ ನೋಡಿ ಬಂದವರು ನಮ್ಮೂರಲ್ಲೂ ಇದ್ದರು. ಹಳ್ಳವೇ ಆಗುತ್ತದೆ ಅಂದಮೇಲೆ ಕೆರೆ ಆಗುವುದಿಲ್ಲವಾ ಅಂದರು. ಮುಂದಿನ ಬೇಸಿಗೆಗೆ ಕೊರೊನಾ ಬಂತು. ಬೆಂಗಳೂರು, ಮಂಗಳೂರು ಕಡೆ ಗುಳೆ ಹೋಗಿದ್ದವರು ವಾಪಸ್ ಬಂದರು. ಎಷ್ಟೋ ವರ್ಷದ ಮೇಲೆ ಊರು ತುಂಬಿತು. ನರೇಗಾದಲ್ಲಿ ಆಗ ದಿನಕ್ಕೆ 275 ರೂಪಾಯಿ ಕೂಲಿ. ಗಂಡಸರು, ಹೆಂಗಸರು ಬುಟ್ಟಿ, ಸಲಿಕೆ ಹಿಡಿದರು. ತೆಗೆದ ಗೋಡನ್ನು ಮಸಾರಿ ಹೊಲದವರು ಹೇರಿಕೊಂಡು ಹೋದರು. ಅಷ್ಟೂ ಒಳ್ಳೆಯ ಕೆಲಸವೇ. ಆದರೆ ನಾವು ತಟ್ಟೆ ತೊಳೆದಿದ್ದೆವು. ಮೇಲಿಂದ ಸೋರುತ್ತಿದ್ದುದನ್ನು ನೋಡಿರಲಿಲ್ಲ.

ಹಳ್ಳದ ಗುಂಟ ಮೇಲಕ್ಕೆ

ಹೂಳು ನೋಡಿದ ಮರುವಾರ ಏಳೆಂಟು ಜನ ಹಳ್ಳದ ಗುಂಟ ಮೇಲಕ್ಕೆ ನಡೆದೆವು. ನಾನೂ ಇದ್ದೆ. ಯೋಜನೆ ಅಂತ ಏನಾದರೂ ಶುರುವಾಗಿದ್ದರೆ ಅದು ಆ ನಡಿಗೆಯಿಂದ. ಊರಿನ ನೆಲ ತಿಳಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ. ಕೆಳಗಿಂದ ಮೇಲಕ್ಕೆ ಒಮ್ಮೆ ನಡೆಯಿರಿ, ಮೇಲಿಂದ ಕೆಳಕ್ಕೆ ಒಮ್ಮೆ ನಡೆಯಿರಿ. ಜೊತೆಗೆ ಹೊಲ ಇದ್ದವರನ್ನಷ್ಟೇ ಅಲ್ಲ, ಕುರಿ ಕಾಯುವವರನ್ನೂ ಕಟ್ಟಿಗೆಗೆ ಹೋಗುವವರನ್ನೂ ಕರೆದುಕೊಳ್ಳಿ.

ಮಸಾರಿ ಹೊಲಗಳಲ್ಲಿ ಅಲ್ಲಲ್ಲಿ ಒಡ್ಡು ಒಡೆದಿದ್ದವು. ಅಲ್ಲಿಂದಲೂ ಮಣ್ಣು ಬಂದಿತ್ತು. ಆದರೆ ಗಾಯರಾಣ ತಲುಪಿದಾಗ ವಿಷಯ ಬೇರೆಯೇ ಆಯಿತು. ಕೈ ಬೆರಳು ಬಿಡಿಸಿದ ಹಾಗೆ ಕೊರಕಲುಗಳು. ಕೆಲವು ಆಳೆತ್ತರ. ಹುಲ್ಲು ಇದ್ದ ಕಡೆ ನೆಲ ಗಟ್ಟಿಯಾಗಿತ್ತು, ಬೋಳಾದ ಕಡೆ ಕೊಚ್ಚಿತ್ತು. ಇಷ್ಟು ಸರಳ.

ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆವು. ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. ನೂರು ಎಕರೆ ಇಳಿಜಾರಿನ ಮೇಲೆ ಒಂದು ಸಂಜೆ 25 ಮಿ.ಮೀ. ಬಿದ್ದರೆ ಹತ್ತಿರಹತ್ತಿರ 1 ಕೋಟಿ ಲೀಟರ್. ಟ್ರ್ಯಾಕ್ಟರ್ ಎಳೆಯುವ 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 2,000 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರ್‌ಗೆ ಕಾದು ನಿಲ್ಲುವ ಊರು ಇದು. ಹುಲ್ಲಿದ್ದರೆ ಇದರಲ್ಲಿ ಒಂದು ಪಾಲು ನೆಲಕ್ಕೆ ಇಳಿಯುತ್ತದೆ. ಬೋಳಿದ್ದರೆ ಒಂದೇ ಗಂಟೆಯಲ್ಲಿ ಮಣ್ಣು ಹೊತ್ತುಕೊಂಡು ಓಡುತ್ತದೆ. ತುಂಗಭದ್ರಾ ಅಣೆಕಟ್ಟಿನ ಕಥೆಯೂ ಇದೇ ಅಲ್ವಾ? 1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಆಸುಪಾಸು. ಆ ಹೂಳೂ ಯಾವುದೋ ಊರಿನ ಇಳಿಜಾರಿಂದ ಇಳಿದದ್ದೇ.

ಕಡತದಲ್ಲಿ ಈ ಜಾಗ ಗೋಮಾಳ. ಊರಿನಲ್ಲಿ 100 ದನಕ್ಕೆ 30 ಎಕರೆಯಂತೆ ಮೇವಿನ ನೆಲ ಬಿಡಬೇಕು ಅಂತ ಕರ್ನಾಟಕ ಭೂಕಂದಾಯ ನಿಯಮದಲ್ಲೇ ಇದೆ. ಆದರೆ ಮಾತಾಡುವಾಗ ಎಲ್ಲರೂ ಅದನ್ನು "ಖಾಲಿ ಜಾಗ" ಅನ್ನುತ್ತಿದ್ದೆವು. ನಿವೇಶನಕ್ಕೆ ಜಾಗ ಬೇಕಾ? ಗಾಯರಾಣ. ಗರಸು ಬೇಕಾ? ಗಾಯರಾಣ. ಕಸ ಎಲ್ಲಿ ಹಾಕೋಣ? ಗಾಯರಾಣ. ಅಂಚಿನ ಹೊಲದವರು ವರ್ಷಕ್ಕೆ ಒಂದು ಸಾಲಿನಂತೆ ಒಳಗೆ ಸರಿದಿದ್ದರು. ಖಾಲಿ ಅಂತ ಹೆಸರಿಟ್ಟ ಮೇಲೆ ಅದನ್ನು ತುಂಬುವುದೇ ಕೆಲಸ ಅನಿಸಿಬಿಡುತ್ತದೆ. ನಮ್ಮ ಮೊದಲ ತಪ್ಪು ಹುಟ್ಟಿದ್ದೂ ಇಲ್ಲಿಂದಲೇ.

ಬೇಲಿ ಹಾಕಿದೆವು

2021ರಲ್ಲಿ ಗಾಯರಾಣದ ಉದ್ದಕ್ಕೂ ಕಂದಕ ತೆಗೆಸಿ, ಸಸಿ ನೆಡಿಸಿ, ಸುತ್ತ ಮುಳ್ಳುಬೇಲಿ ಹಾಕಿಸಿದೆವು. ನಕಾಶೆ ಹೊರಗಿನಿಂದ ಬಂತು, ಒಪ್ಪಿಗೆ ನಮ್ಮದೇ. ಒಪ್ಪಿದವರಲ್ಲಿ ನಾನೂ ಒಬ್ಬ. ಕಾಗದದ ಮೇಲೆ ಚೆಂದ ಇತ್ತು: ನೀರು ನಿಲ್ಲುತ್ತದೆ, ಮರ ಬರುತ್ತದೆ, ಹೂಳು ತಪ್ಪುತ್ತದೆ. ಕುರಿಗಳು ಎಲ್ಲಿಗೆ ಹೋಗಬೇಕು ಅಂತ ಒಬ್ಬರೂ ಕೇಳಲಿಲ್ಲ.

ಎರಡು ತಿಂಗಳಲ್ಲಿ ಬೇಲಿ ನಾಲ್ಕು ಕಡೆ ಹರಿದಿತ್ತು. ಸಸಿಗಳಲ್ಲಿ ಬಹಳಷ್ಟು ಹೋದವು. ಕೆಲವನ್ನು ಆಡು ತಿಂದವು, ಜಾಸ್ತಿ ಒಣಗಿಯೇ ಹೋದವು. ಅಲ್ಲಿ ಗೇಣು ಮಣ್ಣಿನ ಕೆಳಗೆ ಬಂಡೆ. ಊರೊಳಗೆ ಮಾತು ಬಿಟ್ಟರು. ಕುರಿ ಕಾಯುವ ಮನೆಗಳವರು ಗ್ರಾಮಸಭೆಗೆ ಬರುವುದನ್ನೇ ನಿಲ್ಲಿಸಿದರು. ಅವರಿಗೆ ಹೊಲ ಇಲ್ಲ, ಇದ್ದರೂ ತುಂಡು. ಕೆಂಗುರಿ ಕುರಿಗಳೇ ಅವರ ಬೇಸಾಯ. ಈ ಕಂದು ಬಣ್ಣದ ತಳಿ ರಾಯಚೂರು, ಕೊಪ್ಪಳದ್ದೇ, ನಮ್ಮ ಬಿಸಿಲಿಗೆ ಹೊಂದಿಕೊಂಡದ್ದು. ಮುಂಗಾರಿನಲ್ಲಿ ಹೊಲಗಳೆಲ್ಲ ಬಿತ್ತಿರುತ್ತವೆ. ಆಗ ಕುರಿ ಮೇಯಲು ಇರುವುದು ಗಾಯರಾಣ ಒಂದೇ. ನಾವು ಬೇಲಿ ಹಾಕಿದ್ದು ಸರಿಯಾಗಿ ಅದೇ ತಿಂಗಳಲ್ಲಿ.

ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ. ನೀರು ಉಳಿಸುವ ಕೆಲಸ ಅಂದರೆ ಎಲ್ಲರಿಗೂ ಒಳ್ಳೆಯದು ಅಂತ ನಾವು ನಂಬಿದ್ದೆವು. ಒಬ್ಬರ ಹೊಟ್ಟೆಯ ಮೇಲೆ ಅದು ಬಿದ್ದಿತ್ತು.

ಕಟ್ಟೆಯ ಮುಂದೆ ಬೂದಿಯ ನಕಾಶೆ

ಮತ್ತೆ ಕೂತದ್ದು 2022ರ ಬೇಸಿಗೆಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ. ಕರೆಯಲು ಪಂಚಾಯಿತಿಯಿಂದ ಯಾರೂ ಹೋಗಲಿಲ್ಲ. ಸ್ವಸಹಾಯ ಸಂಘದ ಹೆಂಗಸರು ಮನೆಮನೆಗೆ ಹೋಗಿ ಕರೆತಂದರು. ನೆಲದ ಮೇಲೆ ಬೂದಿಯಲ್ಲಿ ಗುಡ್ಡ ಬಿಡಿಸಿದೆವು, ಸುಣ್ಣದಲ್ಲಿ ಹಳ್ಳ, ಇಟ್ಟಿಗೆ ಪುಡಿಯಲ್ಲಿ ಮಸಾರಿ. ಎರೆ ಹೊಲಕ್ಕೆ ಇದ್ದಿಲ ಪುಡಿ.

ಒಬ್ಬ ಅಜ್ಜ ಬಂದು ಕೋಲು ತಗೊಂಡು ಅದೇ ನಕಾಶೆಯ ಮೇಲೆ ಬೇರೆ ಗೆರೆಗಳನ್ನು ಎಳೆದರು. ಕುರಿ ಹೋಗುವ ದಾರಿ. ಬಿಸಿಲಲ್ಲಿ ಮಂದೆ ನಿಲ್ಲುವ ಬೇವಿನ ನೆರಳು. ಮಳೆ ಬಿದ್ದ ಎಂಟು ದಿನಕ್ಕೆ ಕರಡ ಹುಲ್ಲು ಚಿಗುರುವ ಜಾಗ, ತಿಂಗಳಾದರೂ ಚಿಗುರದ ಜಾಗ. ತೋಳ ಮರಿ ಹಾಕುವ ಗುಂಡುಕಲ್ಲಿನ ಸಂದು ಯಾವುದು ಅಂತಲೂ ತೋರಿಸಿದರು. ಆಡು ಕಳಕೊಂಡವರೂ ಆ ಸಂದಿಗೆ ಹೊಗೆ ಹಾಕಿಲ್ಲ ಅಂತ ಹೇಳಿದರು. (ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಆಮೇಲೆ ವನ್ಯಧಾಮ ಆಯಿತು. ನಮ್ಮಂಥ ಕುರುಚಲು, ನಮ್ಮಂಥ ಕಲ್ಲುಗುಡ್ಡ.) ನಮ್ಮ ಕಂದಕಗಳು ಕುರಿ ದಾರಿಯನ್ನು ಆರು ಕಡೆ ಕಡಿದಿದ್ದವು. ಖಾಲಿ ಅಂದುಕೊಂಡ ಜಾಗದಲ್ಲಿ ಇಷ್ಟೊಂದು ಇತ್ತು.

ಆಮೇಲೆ ಬಳ್ಳಾರಿ ಜಾಲಿಯ ಮಾತು ಬಂತು. ಕೆರೆ ಅಂಗಳ, ಹಳ್ಳದ ದಂಡೆ, ಗಾಯರಾಣದ ಕೆಳಭಾಗ ಎಲ್ಲ ಅದೇ. ನೋಡಿದವರು ತೆಗೆಸಿಬಿಡಿ ಅನ್ನುತ್ತಾರೆ. ನಾವೂ ಅಂದೆವು. ಒಬ್ಬ ಅಕ್ಕ ಎದ್ದು ನಿಂತು ಕೇಳಿದಳು: "ಜಾಲಿ ತಗಸ್ತೀರಿ, ಒಲಿಗೆ ಏನ್ ಇಡೂನು?" ಊರಿನ ಬಡ ಮನೆಗಳ ಉರುವಲು ಪೂರಾ ಜಾಲಿಯೇ. ಕೆಲವರು ಇದ್ದಿಲು ಸುಟ್ಟು ಮಾರುತ್ತಾರೆ. ಅದರ ಕಾಯಿಯನ್ನು ಆಡು ಕುರಿ ಇಷ್ಟಪಟ್ಟು ತಿನ್ನುತ್ತವೆ. ತಿಂದ ಬೀಜ ಹಿಕ್ಕೆಯಲ್ಲಿ ಹೊರಬಂದು ಇನ್ನಷ್ಟು ಕಡೆ ಮೊಳೆಯುತ್ತದೆ. ಕಡಿದರೆ ಸಾಲದು, ಬುಡ ಕೀಳಬೇಕು. ಇಲ್ಲದಿದ್ದರೆ ಒಂದು ಕಡೆ ಕಡಿದದ್ದು ನಾಲ್ಕು ಕವಲಾಗಿ ಬರುತ್ತದೆ. ಹೀಗಾಗಿ ಒಂದೇ ಸಲ ತೆಗೆಯುವ ಮಾತು ಬಿಟ್ಟೆವು. ಕೆರೆ ಅಂಗಳದ್ದು ಮೊದಲು, ಹುಲ್ಲು ಬರುವ ಇಳಿಜಾರಿನದ್ದು ವರ್ಷಕ್ಕೆ ಒಂದು ಪಟ್ಟಿ, ಹಳ್ಳದ ಕೆಳದಂಡೆಯದು ಉರುವಲಿಗೆ ಹಾಗೇ ಇರಲಿ ಅಂತ ತೀರ್ಮಾನ. ಕಿತ್ತ ಬುಡ ಯಾರಿಗೆ ಅಂತಲೂ ಅಲ್ಲೇ ಆಯಿತು: ಹೊಲ ಇಲ್ಲದ ಮನೆಗಳಿಗೆ.

ಒಂದೊಂದು ನೆಲಕ್ಕೆ ಎರಡು ಮೂರು ಕೆಲಸ

ಆ ಕೂಟದಿಂದ ಹುಟ್ಟಿದ ಯೋಜನೆಯ ಸಾರ ಒಂದೇ. ಯಾವ ನೆಲವೂ ಒಂದೇ ಕೆಲಸಕ್ಕೆ ಇಲ್ಲ. ಕೆಲಸಗಳು ಒಂದಕ್ಕೊಂದು ಅಡ್ಡ ಬಾರದ ಹಾಗೆ ಜಾಗ, ತಿಂಗಳು, ಸರದಿ ಹೊಂದಿಸಬೇಕು.

ಗುಡ್ಡದ ನೆತ್ತಿಯಲ್ಲಿ ಏನೂ ನೆಡಬಾರದು ಅಂದೆವು. ಅಲ್ಲಿ ಸೀತಾಫಲ, ತಂಗಡಿ, ಕವಳಿ, ಬೋರೆ ತಾವಾಗೇ ಇವೆ. ಬೆಂಕಿ ಹಾಕದಿದ್ದರೆ ಸಾಕು. ಹುಲ್ಲುಗಾವಲನ್ನು ಪಾಳು ಅಂದುಕೊಂಡು ಮರ ತುಂಬುವ ಚಾಳಿ ನಮ್ಮ ಬಯಲುಸೀಮೆಗೆ ಮಾಡಿದ ಕೇಡು ಕಮ್ಮಿ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಾಯರಾಣವನ್ನು ಮೂರು ಪಾಲು ಮಾಡಿದೆವು. ಬೇಲಿ ಇಲ್ಲ. ಗಡಿಗೆ ಸುಣ್ಣ ಬಳಿದ ಕಲ್ಲು. ಪ್ರತಿವರ್ಷ ಆರಿದ್ರಾ ಮಳೆಯಿಂದ ಚಿತ್ತಿ ಮಳೆಯ ತನಕ, ಅಂದರೆ ಜೂನ್ ಕೊನೆಯಿಂದ ಅಕ್ಟೋಬರ್ ತನಕ, ಒಂದು ಪಾಲಿಗೆ ವಿರಾಮ. ಹುಲ್ಲು ಕಾಳು ಕಟ್ಟಿ ಉದುರಿದ ಮೇಲೆ ಅಲ್ಲಿ ಕೊಯ್ಯಬಹುದು, ಆಮೇಲೆ ಮೇಯಿಸಬಹುದು. ಯಾವ ಪಾಲು ಯಾವ ವರ್ಷ ಅನ್ನುವುದನ್ನು ಕುರಿ ಮನೆಗಳವರೇ ಹೇಳಬೇಕು, ಕಾಯುವವರೂ ಅವರೇ. ಹಳೆಯ ಉದ್ದ ಕಂದಕಗಳನ್ನು ಕುರಿ ದಾರಿ ಬಂದ ಕಡೆ ಮುಚ್ಚಿದೆವು. ಹೊಸವನ್ನು ತುಂಡುತುಂಡಾಗಿ, ಒಂದರ ಸಂದಿಗೆ ಕೆಳಗಿನದು ಬರುವ ಹಾಗೆ ತೆಗೆದೆವು. ಸಮಮಟ್ಟ ಗುರುತಿಸಲು ಯಂತ್ರ ಬೇಕಾಗಲಿಲ್ಲ. ಮೂರು ಕೋಲು ಕಟ್ಟಿದ ಚೌಕಟ್ಟು, ನಡುವೆ ದಾರಕ್ಕೆ ನೇತುಹಾಕಿದ ಕಲ್ಲು. ದಾರ ನಡುಗೆರೆಗೆ ಬಂದರೆ ಎರಡೂ ಕಾಲು ಒಂದೇ ಮಟ್ಟ. ಹತ್ತನೇ ತರಗತಿ ಹುಡುಗಿಯರು ಇದನ್ನು ನಮಗಿಂತ ಬೇಗ ಕಲಿತರು. ಕೊರಕಲುಗಳಿಗೆ ಮೇಲಿಂದ ಶುರುಮಾಡಿ ಒಣಕಲ್ಲಿನ ಅಡ್ಡತಡೆ ಹಾಕಿದೆವು. ಕೆಳಗಿಂದ ಶುರುಮಾಡಿದ್ದರೆ ಮೊದಲ ಮಳೆಗೇ ಕಿತ್ತು ಹೋಗುತ್ತಿತ್ತು.

ಮಸಾರಿಯಲ್ಲಿ ಒಡ್ಡು ಸರಿಮಾಡುವುದು ನರೇಗಾದಲ್ಲಿ ಸುಲಭವಾಗಿ ಆಯಿತು. ಎರಡು ಎಕರೆ ಇದ್ದವರು ಮೊದಲು ಒಪ್ಪಲಿಲ್ಲ, ಒಡ್ಡಿಗೇ ನೆಲ ಹೋಗುತ್ತದೆ ಅಂದರು. ಅವರ ಮಾತು ಸರಿಯೇ ಇತ್ತು. ಹಾಗಾಗಿ ಒಡ್ಡಿನ ಮೇಲೇ ತೊಗರಿ, ಹುಲ್ಲು, ಅಲ್ಲೊಂದು ಇಲ್ಲೊಂದು ಹೊಂಗೆ. ಹೊಲದೊಳಗೆ ಸಜ್ಜೆಯ ನಡುನಡುವೆ ತೊಗರಿಯ ಸಾಲು, ಅಂದರೆ ಅಕ್ಕಡಿ, ಹಿರಿಯರು ಮಾಡುತ್ತಿದ್ದ ಹಾಗೇ. ಸುಗ್ಗಿ ಮುಗಿದ ಮೇಲೆ ಆ ಹೊಲಗಳಲ್ಲಿ ಕುರಿ ಮಂದೆ ಕೂರುತ್ತದೆ. ಹಿಕ್ಕೆ, ಗಂಜಳ ಹೊಲಕ್ಕೆ. ಜೋಳ ಇಲ್ಲವೇ ದುಡ್ಡು ಕುರಿಯವರಿಗೆ. ಈ ಹಳೆಯ ಲೆಕ್ಕ ಬೇಲಿಯ ಜಗಳದಲ್ಲಿ ಕಡಿದು ಹೋಗಿತ್ತು. ಅದು ಮತ್ತೆ ಕೂಡಿಕೊಂಡದ್ದನ್ನು ನಾನು ಕೆರೆ ತುಂಬಿದ್ದಕ್ಕಿಂತ ದೊಡ್ಡದು ಅಂದುಕೊಳ್ಳುತ್ತೇನೆ.

ಸರ್ಕಾರದ ಜಲಾನಯನ ಯೋಜನೆ ಸುಜಲ-3ರಲ್ಲಿ ಕೊಪ್ಪಳವೂ ಇತ್ತು. ಆ ಕೆಲಸದಲ್ಲಿ ಸರ್ವೆ ನಂಬರಿನ ಮಟ್ಟಕ್ಕೆ ಮಣ್ಣಿನ ಆಳ, ಇಳಿಜಾರು, ಯಾವ ಬೆಳೆ ಹೊಂದುತ್ತದೆ ಅನ್ನುವ ನಕಾಶೆಗಳು ಆಗಿವೆ. ಅಂಥ ನಕಾಶೆ ಸಿಗುವ ಊರಿನವರು ದಯವಿಟ್ಟು ಅದನ್ನು ತರಿಸಿಕೊಂಡು, ರೈತರು ತಮ್ಮ ಹೊಲದ ಬಗ್ಗೆ ಹೇಳುವುದರ ಪಕ್ಕ ಇಟ್ಟು ನೋಡಿ. ಎರಡೂ ಕೂಡುವ ಕಡೆ ಧೈರ್ಯವಾಗಿ ಮುಂದುವರಿಯಬಹುದು. ಕೂಡದ ಕಡೆ ಹೋಗಿ ಅಗೆದು ನೋಡಬೇಕು.

ಎರೆಯಲ್ಲಿ ನಮ್ಮ ಕೈ ಅಷ್ಟು ನಡೆಯಲಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅಲ್ಲಿ ಬರಿ ಮಣ್ಣಿನ ಒಡ್ಡು ಬಿರುಕಿನಲ್ಲೇ ಒಡೆಯುತ್ತದೆ. ನೀರು ಹೊರಹೋಗಲು ಕಲ್ಲಿನ ಕೋಡಿ ಬೇಕೇ ಬೇಕು, ಅದಕ್ಕೆ ದುಡ್ಡು ಸಾಲಲಿಲ್ಲ. ಕೆಲವರು ಕೃಷಿ ಹೊಂಡ ಮಾಡಿಸಿಕೊಂಡರು. ಮೇಲ್ಭಾಗ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡದಲ್ಲಿ ಬದಿ ಇಳಿಜಾರು ಬಿಟ್ಟರೂ 9 ಲಕ್ಷ ಲೀಟರಿಗೂ ಜಾಸ್ತಿ ನಿಲ್ಲುತ್ತದೆ. ಹಿಂಗಾರಿ ಕಡಲೆಗೆ, ಜೋಳಕ್ಕೆ ಒಂದು ಸಲ ನೀರು ಕೊಡಲು ಅದು ಸಾಕು.

ಕೆರೆಯಲ್ಲಿ ಮಾಡಿದ್ದು ಎರಡೇ. ಹಳ್ಳ ಸೇರುವ ಬಾಯಲ್ಲಿ ಹೂಳು ಕೂರುವ ಹೊಂಡ, ವರ್ಷಕ್ಕೊಮ್ಮೆ ಅದನ್ನಷ್ಟೇ ಬಳಿಯುವುದು. ಇನ್ನೊಂದು, ಇಷ್ಟು ನೀರಿನ ಕೆಳಗೆ ಪಂಪು ಇಳಿಸಬಾರದು ಅನ್ನುವ ಗುರುತುಗಲ್ಲು. ಅದರ ಕೆಳಗಿನದು ದನಕರುಗಳಿಗೆ, ಹಕ್ಕಿಗಳಿಗೆ, ಮತ್ತು ಕೆರೆ ಕೆಳಗಿನ ತೆರೆದ ಬಾವಿಗೆ. ಈ ಬಾವಿ ಮುಖ್ಯ. ಯಲಬುರ್ಗಾ, ಕುಷ್ಟಗಿ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಅದರಿಂದ ಕೆಟ್ಟ ಹಲ್ಲು, ಮೊಣಕಾಲು ಕಂಡವರಿಗೆಲ್ಲ ಗೊತ್ತು. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಕುಡಿಯಬಾರದು. ಮಳೆನೀರು ಇಂಗಿ ಬರುವ ಮೇಲುಪದರದ ಬಾವಿ ನಮಗೆ ಅದಕ್ಕೇ ಬೇಕು.

2023

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಯೋಜನೆಗೆ ಆಗ ಒಂದೇ ವರ್ಷ ವಯಸ್ಸು.

ಕೆರೆ ತುಂಬಲಿಲ್ಲ. ಸಜ್ಜೆ ತೆನೆ ಕಟ್ಟಲಿಲ್ಲ. ಅಕ್ಕಡಿ ತೊಗರಿ ಕೆಲವರಿಗೆ ಬೀಜದಷ್ಟು ಬಂತು. ಊರು ಅರ್ಧ ಮತ್ತೆ ಗುಳೆ ಹೋಯಿತು. ಯೋಜನೆ ಬರವನ್ನು ತಡೆಯಿತು ಅಂತ ನಾನು ಹೇಳಿದರೆ ಅದು ಸುಳ್ಳು.

ನಿಂತದ್ದು ಎರಡು. ವಿರಾಮ ಕೊಟ್ಟ ಪಾಲಿನಲ್ಲಿ ಹುಲ್ಲು ಇತ್ತು. ಬಂದ ಎರಡು ಮೂರು ಮಳೆ ಅಲ್ಲಿ ಇಂಗಿತ್ತು. ದಸರಾ ಮುಗಿದ ಮೇಲೆ ಸರದಿಯ ಪ್ರಕಾರ ಮನೆಮನೆಗೆ ಹೊರೆ ಹುಲ್ಲು ಹಂಚಿದರು. ಆ ಮನೆಗಳು ಸಂತೆಗೆ ಹೊಡೆಯಬೇಕಿದ್ದ ದನಗಳಲ್ಲಿ ಕೆಲವು ಹಟ್ಟಿಯಲ್ಲೇ ಉಳಿದವು. ಇನ್ನೊಂದು, ತೆರೆದ ಬಾವಿ ಬತ್ತಲಿಲ್ಲ. ಸಂಘದ ಹೆಂಗಸರು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ತಿಂಗಳಿಗೊಮ್ಮೆ ಇಳಿಸಿ ನೋಡುತ್ತಿದ್ದರು. ಏಪ್ರಿಲ್‌ನಲ್ಲಿ ಎರಡು ಗಂಟು ಒದ್ದೆ ಇತ್ತು. ಕಮ್ಮಿ ಅನಿಸಬಹುದು. ಆ ಬಾವಿ ಹಿಂದಿನ ಬರಗಳಲ್ಲಿ ಮಾರ್ಚ್‌ಗೇ ಒಣಗುತ್ತಿತ್ತು.

ಜಗಳಗಳೂ ಇದ್ದವು. ಪಕ್ಕದೂರಿನ ಕುರಿಗಳು ಬಂದವು. ಬರದಲ್ಲಿ ಬಂದವರನ್ನು ಓಡಿಸುವುದು ಹೇಗೆ? ಅವರ ದಾರಿಯೂ ತಲೆಮಾರುಗಳಿಂದ ಇದೇ ಗಾಯರಾಣದ ಮೇಲೆ ಹಾದುಹೋಗುತ್ತದೆ. ಮೂರು ದಿನ ಮೇಯಿಸಿ ಮುಂದೆ ಹೋಗಿ ಅಂತ ಅಜ್ಜನೇ ರಾಜಿ ಮಾಡಿಸಿದರು. ನಮ್ಮ ನಕಾಶೆಯಲ್ಲಿ ಹೊರಗಿನ ಮಂದೆಗೆ ಜಾಗವೇ ಇರಲಿಲ್ಲ. ಈಗ ಒಂದು ದಾರಿ, ಒಂದು ತಂಗುವ ಜಾಗ ಗುರುತು ಮಾಡಿದ್ದೇವೆ. ಅಂಚಿನ ಒತ್ತುವರಿ ಮಾತ್ರ ಹಾಗೇ ಇದೆ. ಅಳತೆ ಮಾಡಿಸಿ ಅಂತ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಕೆರೆ ಕೆಳಗೆ ದಾಳಿಂಬೆ ಹಾಕಿದವರು ಹೊಸ ಬೋರ್ ಕೊರೆಸುವುದನ್ನು ನಿಲ್ಲಿಸಿಲ್ಲ. ಅವರನ್ನು ಕಟ್ಟೆಗೆ ಕರೆತರಲು ನಮಗೆ ಇನ್ನೂ ಆಗಿಲ್ಲ.

ಈಗ ಬಂದಿರುವ ಹೊಸ ಮಾತು ಗಾಳಿಯಂತ್ರದ್ದು. ಕುಷ್ಟಗಿ, ಯಲಬುರ್ಗಾ ಬಯಲಿನಲ್ಲಿ ಅವು ಸಾಲಾಗಿ ನಿಂತಿವೆ. ನಮ್ಮ ಗುಡ್ಡಕ್ಕೂ ಬರಬಹುದು ಅನ್ನುತ್ತಾರೆ. ಬಾಡಿಗೆ ಬಂದರೆ ಪಂಚಾಯಿತಿಗೆ ದುಡ್ಡು, ಬೇಡ ಅನ್ನುವವರು ಕಮ್ಮಿ. ಕಟ್ಟೆಯಲ್ಲಿ ಕೂತವರು ಕೇಳಿದ್ದು ಕಂಬದ ಬಗ್ಗೆ ಅಲ್ಲ, ರಸ್ತೆಯ ಬಗ್ಗೆ. ದೊಡ್ಡ ಲಾರಿ ಹತ್ತುವ ರಸ್ತೆ ಇಳಿಜಾರನ್ನು ಅಡ್ಡ ಕಡಿದರೆ ಅದೇ ದೊಡ್ಡ ಕೊರಕಲಾಗುತ್ತದೆ. ನೂರು ಎಕರೆಯ ನೀರು ಒಂದೇ ಬಾಯಿಗೆ ಬರುತ್ತದೆ. ರಸ್ತೆ ಯಾವ ಸಾಲಿನಲ್ಲಿ ಹೋಗಬೇಕು, ಎಷ್ಟು ಕಡೆ ಮೋರಿ ಬೇಕು, ಕುರಿ ದಾರಿ ಎಲ್ಲಿ ದಾಟಬೇಕು ಅಂತ ಹುಡುಗಿಯರು ಅದೇ ಮೂರು ಕೋಲಿನ ಚೌಕಟ್ಟು ಹಿಡಿದು ಗುರುತು ಹಾಕುತ್ತಿದ್ದಾರೆ. ಗ್ರಾಮಸಭೆಗೆ ಮುಂಚೆ ಮುಗಿಸಬೇಕು.

ಈ ಸಲ ವಿರಾಮ ಗುಡ್ಡದ ಬುಡದ ಪಾಲಿಗೆ. ಆರಿದ್ರಾ ಹುಟ್ಟುವ ಮುಂಚೆ ಅಜ್ಜ, ಅವರ ಮೊಮ್ಮಗ ಸುಣ್ಣದ ಡಬ್ಬಿ ಹಿಡಿದು ಹೋಗಿ ಕಲ್ಲುಗಳಿಗೆ ಬಳಿದು ಬಂದಿದ್ದಾರೆ.